ಕೈ ಬಿಟ್ಟು ಕೊಟ್ಟ ಮಾತು

ಹಿಂದಿನ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಪ್ರಾರ್ಥನೆಯ ಪುಸ್ತಕ ತೆರೆದಿಟ್ಟು
ನಾವು ಮೂವರೂ ಎರಡು ಪದಗಳಿಗೆ ಸಿಕ್ಕಿಬಿದ್ದೆವು:
ಹೊಂದಲು, ಹಿಡಿಯಲು.

ನನ್ನಕ್ಕ ಟೆಗ್ವೆನ್ ಬೆರಳಲ್ಲೇ ಕೇಳಿದಳು,
ಹೊಂದುವುದೆಂದರೆ ಪಡೆಯುವುದೋ, ಹೊಂದಿಕೊಳ್ಳುವುದೋ?
ಪಡೆಯುವುದಾದರೆ ಮುಷ್ಟಿ ಮುಚ್ಚಬೇಕು,
ಹೊಂದಿಕೊಳ್ಳುವುದಾದರೆ ಬೆರಳೊಳಗೆ ಬೆರಳು ಹೆಣೆಯಬೇಕು.
ಎರಡೂ ಇರಲಿ ಅಂದ ಇಥೆಲ್.
ಮೀನು ಕೊಯ್ಯುವ ಕತ್ತಿ ತಾಗಿ ಹೆಬ್ಬೆರಳಿಗೆ ಪಟ್ಟಿ;
ಆ ವಾರವೆಲ್ಲ ಅವನ ಮಾತು ತುಸು ತೊದಲು.

ಇಬ್ಬರೂ ಕಲಿತದ್ದು ಒಂದೇ ಶಾಲೆ.
ಅಲ್ಲಿ ಸನ್ನೆ ಮಾಡಿದರೆ ಗೆಣ್ಣಿನ ಮೇಲೆ ರೂಲರು.
ಅಂಗೈ ತೊಡೆಯ ಕೆಳಗಿಟ್ಟು ಕೂತು
ತುಟಿ ನೋಡಿ, ತುಟಿ ಆಡಿಸಿ, ಅನ್ನುತ್ತಿದ್ದರಂತೆ.
ಹನ್ನೊಂದು ವರ್ಷ ತಮ್ಮ ಕೈಯ ಮೇಲೆ ತಾವೇ ಕೂತವರು
ನಾಳೆ ಊರೆದುರು ಕೈಯೆತ್ತಿ ಮಾತು ಕೊಡಬೇಕು.

ಮಿಲ್‌ಫರ್ಡ್ ಬಂದರಿನ ಮೇಲೆ, ಗಾಳಿಗೆ ಬಾಗಿಲು ನಿಲ್ಲದ ಚರ್ಚು.
ಮೊದಲ ತಕರಾರು ಹೂವಿನದು.
ಗುಚ್ಛ ಹಿಡಿದರೆ ಮದುಮಗಳಿಗೆ ಬಾಯಿ ಕಟ್ಟಿದಂತೆ;
ನನಗೆ ಕೊಟ್ಟರೆ ನನಗೆ, ಅವರ ದುಭಾಷಿ ನಾನೇ.
ಕೊನೆಗೆ ಪಾದ್ರಿ ಪ್ರಾಸರ್
ಪುಸ್ತಕ ಕಂಕುಳಲ್ಲಿಟ್ಟು ತಾವೇ ಹೂ ಹಿಡಿದು ನಿಂತರು,
ಮದುವೆ ಅವರದೇ ಏನೋ ಅನ್ನುವ ಹಾಗೆ.
ಸೋದರತ್ತೆ ನಕ್ಕಿದ್ದು ಕಮಾನಿನವರೆಗೂ ಕೇಳಿತು.

ಪುಸ್ತಕ ಹೇಳುತ್ತದೆ: ಬಲಗೈಯಲ್ಲಿ ಬಲಗೈ ಹಿಡಿದು
ವರನು ಹೀಗೆ ನುಡಿಯತಕ್ಕದ್ದು.
ಹಿಡಿದು ನುಡಿಯುವುದು ಹೇಗೆ?
ಬಾಯುಳ್ಳವರು ಬರೆದ ನಿಯಮ ಅದು.
ಕೈಯೇ ನಾಲಗೆಯಾದವರು ಒಂದು ದಿನ
ಬಂದು ನಿಂತಾರೆಂದು ಬರೆದವರಿಗೆ ಹೊಳೆಯಲಿಲ್ಲ.

ಕ್ಷಣ ಹೊತ್ತು ಹಾಗೇ ನಿಂತಿದ್ದರು.
ಆಮೇಲೆ ಅವನು ಅವಳ ಕೈ ಬಿಟ್ಟ.

ಕೈ ಹಿಡಿಯುವುದೆಂದರೇನು, ನಿಮಗೆ ಗೊತ್ತು.
ಕೈ ಬಿಡುವುದೆಂದರೇನೆಂದೂ ಗೊತ್ತು.
ಅವನು ಬಿಟ್ಟದ್ದು ಮಾತು ಕೊಡಲಿಕ್ಕೆ.

ಲೇಸಿಗೆ ಹೆಬ್ಬೆರಳು, ಕೇಡಿಗೆ ಕಿರುಬೆರಳು.
ಪಟ್ಟಿ ಇದ್ದದ್ದು ಲೇಸಿಗೆ.
ಬಡತನಕ್ಕೆ ಮೊಣಕೈ ಸವರಿದ, ಅಂಗಿ ಸವೆಯುವುದು ಅಲ್ಲೇ ತಾನೆ.
ಸಾವು ನಮ್ಮನ್ನು ಅಗಲಿಸುವ ತನಕ,
ಇಲ್ಲಿ ಮೊದಲು ಬೇರೆ ಪದವಿತ್ತು ಅಂದಿದ್ದರು ಪ್ರಾಸರ್;
ಅಗಲಿಸು ಎಂದಿದ್ದ ಅದರ ಅರ್ಥ
ಜನರ ಬಾಯಲ್ಲಿ ಜಾರಿ ಹೊರಟುಹೋಗು ಎಂದಾಯಿತು,
ಪದವನ್ನೇ ಒಡೆದು ತಿದ್ದಿದರು.
ಇಥೆಲ್ ಎರಡು ಬೆರಳು ಮೆಲ್ಲನೆ ಪಕ್ಕಕ್ಕೆ ಮಗುಚಿ
ಅಷ್ಟಕ್ಕೇ ನಿಲ್ಲಿಸಿದ.
ಅಗಲುವುದಕ್ಕೆ ಕೈಗಳೆರಡೂ ದೂರ ಸರಿಯಬೇಕು.
ಸರಿಯಲಿಲ್ಲ.
ನಾನು ಸಭೆಗೆ ಇಡೀ ವಾಕ್ಯ ಹೇಳಿಬಿಟ್ಟೆ.
ದುಭಾಷಿಯಾಗಿ ನಾನು ಹೇಳಿದ ಸುಳ್ಳು ಅದೊಂದೇ.

ಕೂಡಿದ ಕೈಗಳಿಗೆ ತಮ್ಮ ಕೊರಳಿನ ಪಟ್ಟೆವಸ್ತ್ರ ಸುತ್ತಲು ಬಂದ ಪ್ರಾಸರ್
ಅರ್ಧದಲ್ಲೇ ತಡೆದು, ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.
ಟೆಗ್ವೆನ್ ಇನ್ನೂ ಏನೋ ಹೇಳುತ್ತಿದ್ದಳು.

ಮರುವರ್ಷದ ಚಳಿ. ಗಣಿಯವರ ಮುಷ್ಕರ, ಊರಿಗೆ ಊರೇ ಕತ್ತಲು.
ಮೇಣದಬತ್ತಿ ಕೊಡಲೆಂದು ಹೋದೆ.
ಬಾಗಿಲು ತಟ್ಟಿ ಫಲವಿಲ್ಲ;
ಕರೆಗಂಟೆಗೆ ಜೋಡಿಸಿದ ದೀಪವೂ ಸತ್ತಿತ್ತು.
ಹಿತ್ತಿಲಿಂದ ಒಳಹೊಕ್ಕು ಟಾರ್ಚು ಬಿಟ್ಟರೆ
ಎದುರುಬದುರು ಕೂತು, ಕೈಯೊಳಗೆ ಕೈ ಇಟ್ಟು
ಜಗಳವಾಡುತ್ತಿದ್ದಾರೆ, ಕಲ್ಲಿದ್ದಲ ಲೆಕ್ಕಕ್ಕೆ.
ಅವಳ ಬೈಗುಳ ಅವನ ಗೆಣ್ಣುಗಳಲ್ಲಿ,
ಅವನ ಸಬೂಬು ಅವಳ ಅಂಗೈಯಲ್ಲಿ.
ಇಬ್ಬರೂ ಬಿಡುವ ಹಾಗಿಲ್ಲ,
ಬಿಟ್ಟವರು ಸೋತ ಹಾಗೆ.

ಬತ್ತಿಗಳನ್ನು ಮೇಜಿನ ಮೇಲಿಟ್ಟು
ಹಚ್ಚದೆ ಬಂದೆ.