ನಾಲ್ಕು ಸಾವಿರದ ಇನ್ನೂರು

ಮುಳ್ಳು ನಾಲ್ಕು ಸಾವಿರದ ಇನ್ನೂರಕ್ಕೆ ನಿಂತುಬಿಡುತ್ತದೆ.
ಹಿಡಿಯನ್ನು ಮುರಿಯುವಷ್ಟು ತಿರುಗಿಸಿದರೂ ಅಷ್ಟೇ.
ಐದೂವರೆ ಸಾವಿರ ಮುಟ್ಟುತ್ತಿದ್ದ ಮೋಟಾರು ಇದು,
ಹೋದ ಸೆಪ್ಟೆಂಬರಿನಲ್ಲಿ, ಮೂಸ್ ಬೇಟೆಗೆ ಹೊರಟಾಗ.
ಆಗ ದೋಣಿ ಮೂತಿ ಎತ್ತಿ ನೀರಿನ ಮೇಲೆ ಹತ್ತಿ ಕೂತು
ಕುಸ್ಕೊಕ್ವಿಮ್ ಹೊಳೆಯ ತಿರುವುಗಳನ್ನು
ಹಗ್ಗ ಸುತ್ತಿದ ಹಾಗೆ ಸುತ್ತಿ ಸುತ್ತಿ ಎಳೆದುಕೊಳ್ಳುತ್ತಿತ್ತು.
ಈಗ ತುಂಬು ಬಸುರಿ ಸೀಲ್ ದಡ ಹತ್ತುವ ಹಾಗೆ
ಹೊಟ್ಟೆ ಎಳೆದುಕೊಂಡು ಹೋಗುತ್ತದೆ.

"ಮುದಿಯಾಯಿತು," ಎಂದ ವಸಿಲಿ, ನನ್ನ ಮೈದುನ.
ಮೋಟಾರಿಗೆ ಹೇಳಿದನೋ ತನಗೋ, ಕೇಳಲಿಲ್ಲ.
ಮುಪ್ಪು ರೋಗವಲ್ಲ,
ಹುಡುಕಲು ಬೇಸರವಾದವರು ಇಡುವ ಹೆಸರು.
ಪಾನಾ ಪೆಟ್ಟಿಗೆ ತೆರೆದೆ.

ಮೂರು ಪ್ಲಗ್ಗು ಬಿಚ್ಚಿದೆ. ತುದಿಯೆಲ್ಲ
ಹಾಲು ಕಡಿಮೆ ಬಿದ್ದ ಚಹದ ಬಣ್ಣ,
ಆರೋಗ್ಯವಂತರ ನಾಲಿಗೆ.
ಆದರೂ ಬದಲಿಸಿದೆ. ಬೆಥೆಲ್‌ನಿಂದ ವಿಮಾನದಲ್ಲಿ ಬಂದವು,
ಪ್ಲಗ್ಗಿಗಿಂತ ಅದರ ಪ್ರಯಾಣಕ್ಕೇ ಹೆಚ್ಚು ದುಡ್ಡು.
ಮುಳ್ಳು: ನಾಲ್ಕು ಸಾವಿರದ ಇನ್ನೂರು.
ಪೆಟ್ರೋಲ್ ಕೊಳವೆಯ ರಬ್ಬರ್ ಉಂಡೆ ಹಿಂಡಿದೆ,
ಕಲ್ಲಿನಂತೆ ಬಿಗಿಯಾಗಿ ನಿಂತಿತು, ಎಲ್ಲೂ ಗಾಳಿ ಎಳೆಯುತ್ತಿಲ್ಲ.
ಫಿಲ್ಟರಿನಲ್ಲಿ ಎರಡು ಹನಿ ನೀರು. ಚೆಲ್ಲಿದೆ.
ಮಗ ಮತ್ಫೆಯ್ ಹಿಡಿ ತಿರುಗಿಸಿದ, ನಾನು ಟಾರ್ಚ್ ಬಿಟ್ಟು ನೋಡಿದೆ:
ಕಾರ್ಬುರೇಟರಿನ ಮೂರು ಬಾಗಿಲೂ
ಹಬ್ಬದ ಮನೆಯವರಂತೆ ಪೂರ್ತಿ ತೆರೆದುಕೊಂಡಿದ್ದವು.

ಕ್ಸೇನಿಯಾಳ ಮನೆಗೆ ಹೋಗಿ ಅವಳ ಪ್ರೊಪೆಲರ್ ಕೇಳಿ ತಂದೆ.
ನಮ್ಮದರ ಒಂದು ರೆಕ್ಕೆ ಮರಳದಿಬ್ಬಕ್ಕೆ ಬಡಿದು
ನಾಯಿ ಕಚ್ಚಿದ ಕಿವಿಯಂತಿತ್ತು.
ನಾಲ್ಕು ಸಾವಿರದ ನಾನ್ನೂರು.
ಇನ್ನೂರಕ್ಕೆ ಖುಷಿಪಡುವ ಹೆಂಗಸಲ್ಲ ನಾನು.

ಸಂಜೆ ದೋಣಿಯನ್ನು ದಡಕ್ಕೆ ಎಳೆಯಲು
ಐದು ಜನ ಬೇಕಾಯಿತು.
ಮತ್ಫೆಯ್ ಅಂಗೈ ಒರೆಸಿಕೊಳ್ಳುತ್ತ ಸುಮ್ಮನೆ ಅಂದ:
"ಹೋದ ವರ್ಷ ನಾನೂ ಚಿಕ್ಕಪ್ಪನೂ ಇಬ್ಬರೇ ಎಳೆದಿದ್ದೆವು."

ಸುಮ್ಮನೆ ಅಂದದ್ದು.
ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗಾಗುವ ಮೊದಲೇ ದೋಣಿಯ ನೆಲದ ಹಲಗೆ ಬಿಚ್ಚಿದೆ.
ತುಕ್ಕು ಹಿಡಿದ ಇಪ್ಪತ್ತೆಂಟು ಸ್ಕ್ರೂ, ಒಂಬತ್ತು ತಲೆ ಮುರಿದವು.
ಅಡಿಯಲ್ಲಿ ಹಳದಿ ಫೋಮು,
ದೋಣಿ ಮಗುಚಿದರೂ ತೇಲಲೆಂದು ಕಾರ್ಖಾನೆಯವರು ತುಂಬಿದ್ದು.
ಮೀನು ಸೀಳುವ ಚೂರಿಯಿಂದ ಒಂದು ತುಂಡು ಕತ್ತರಿಸಿದೆ.
ಅಂಗೈಯಲ್ಲಿ ಇಟ್ಟರೆ ದೊಡ್ಡ ಸಾಲ್ಮನ್ನಿನ ತೂಕ.
ಹಿಂಡಿದೆ.

ಹದಿನೇಳು ವರ್ಷದ ಮಳೆ ಬಂತು, ಕಂದು ಬಣ್ಣದಲ್ಲಿ,
ಮೀನಿನ ರಕ್ತ, ಚೆಲ್ಲಿದ ಪೆಟ್ರೋಲು, ವಸಿಲಿಯ ಕಾಫಿ,
ಪ್ರತಿ ಚಳಿಗಾಲ ಹೆಪ್ಪುಗಟ್ಟಿ, ಬಿರಿದು, ಇನ್ನಷ್ಟು ಜಾಗ ಮಾಡಿಕೊಂಡು
ಪ್ರತಿ ಬೇಸಿಗೆ ಮತ್ತಷ್ಟು ಕುಡಿದದ್ದು.
ಮುಳುಗದಿರಲೆಂದು ಹೊಟ್ಟೆಯಲ್ಲಿ ಇಟ್ಟದ್ದೇ
ಸದ್ದಿಲ್ಲದೆ ಮುಳುಗಿಸುತ್ತಿತ್ತು.
ಜ್ವರ ದೋಣಿಗೆ; ನಾಲ್ಕು ದಿನದಿಂದ
ನಾನು ಬರೆ ಹಾಕುತ್ತಿದ್ದದ್ದು ಮೋಟಾರಿಗೆ.
ಅದರ ಮುಚ್ಚಳದ ಮೇಲೆ ಒಮ್ಮೆ ಕೈಯಿಟ್ಟೆ.
ಯಾರೂ ನೋಡಲಿಲ್ಲ.

ಎರಡು ದಿನ ಕೆತ್ತಿದೆವು. ದಡದಲ್ಲಿ ಗುಡ್ಡೆ ಬಿತ್ತು.
ನಾಯಿಗಳು ಬಂದು ಮೂಸಿ, ಗಂಭೀರವಾಗಿ ಚರ್ಚಿಸಿ ಹೋದವು.
"ಖಾಲಿಯೇ ಇರಲಿ, ಹಗುರ," ಎಂದ ವಸಿಲಿ.
"ಮಗುಚಿದರೆ?"
"ನಾನೆಂದಾದರೂ ಮಗುಚಿದ್ದೇನೆಯೇ?"
ಈ ಹೊಳೆ ಎಷ್ಟೋ ಮಂದಿಯ ಬಾಯಲ್ಲಿ ಕೇಳಿದ ಮಾತು.
ಊರಿನ ಮಕ್ಕಳಿಗೆ ಹೇಳಿದೆ. ಸೋಡಾ ಬಾಟಲಿ, ಸೋಪಿನ ಡಬ್ಬ,
ಮುಚ್ಚಳ ಇರುವುದು ಮಾತ್ರ.
ಮುನ್ನೂರಕ್ಕೂ ಹೆಚ್ಚು ಬಂದವು. ಒಂದೊಂದನ್ನೂ ತಿರುಪಿ ಬಿಗಿದು
ಹಲಗೆಯ ಅಡಿಗೆ ತುಂಬಿದೆ:
ಮುಷ್ಟಿ ಮುಷ್ಟಿ ಗಾಳಿ.

ಇವತ್ತು ಹೊರಟೆವು. ಮೇಲೆ ಬಾತುಗಳು ದಕ್ಷಿಣಕ್ಕೆ.
ನಾಲ್ಕು ಸಾವಿರ. ಮುಳ್ಳು ಒಂದು ಗಳಿಗೆ ಹಳೆಯ ಜಾಗದಲ್ಲಿ ತಡವರಿಸಿ
ದಾಟಿತು.
ಮೂತಿ ಎದ್ದಿತು. ಐದು. ಐದು ಸಾವಿರದ ನಾನ್ನೂರು.
ವಸಿಲಿಯ ಟೋಪಿ ಹಾರಿ ಹೊಳೆಯ ಪಾಲಾಯಿತು.
ಅವನು ತಿರುಗಿ ನೋಡಲಿಲ್ಲ, ಹೊಗಳಲೂ ಇಲ್ಲ,
ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದು ಕೂಗಿದ:
"ಕೆಳಗೆ ಏನೋ ಕಟಕಟ ಅಂತಿದೆಯಲ್ಲ ಅತ್ತಿಗೆ,
ಅದನ್ನೂ ಒಮ್ಮೆ ನೋಡು."