ಕಂಡ್ರ ಇಪ್ಪತ್ತು

ಹಳೇ ಹುಬ್ಬಳ್ಳಿಯೊಳಗ ನಮ್ಮ ಹೊಲಿಗಿ ಖೋಲಿ.
ಗೋಡಿಗೆ ಒಂದು ಬಣ್ಣದ ಹಾಳಿ, ದಾಂಡೇಲಿದು:
ಕೊಡ್ಲಿಯಂಥಾ ಕೊಕ್ಕಿನ ಮಂಗಟ್ಟಿ ಹಕ್ಕಿ,
ಟೊಂಗಿ ಮ್ಯಾಲ ಕಾಲು ಇಳಿಬಿಟ್ಟು ಮಲಗಿದ ಕರಿ ಚಿರತಿ,
ಬಿಳೀ ನೊರಿಯೊಳಗ ಬಾಯಿ ತೆರದು ನಗೂ ಮಂದಿ.
ತಳದಾಗ ಇರಿವಿಯಂಥಾ ಅಕ್ಷರ:
ತಲಿಗೆ ಎರಡು ಸಾವಿರದ ಎಂಟುನೂರು.

ನಮ್ಮ ಚೀಟಿ ರೊಕ್ಕ ಆರೂ ಮಂದಿದು ಕೂಡಿ
ನಾಕು ಸಾವಿರದ ಇನ್ನೂರು.
ತಾರಾಬಾಯಿ ಕೊರಳಾಗಿನ ಟೇಪು ತಗದು
ಮಗಳ ಭೂಗೋಳದ ನಕಾಶದ ಮ್ಯಾಲ ಹಾಸಿ
ಅತ್ತಾಗ ಅಳದ್ಲು, ಇತ್ತಾಗ ಅಳದ್ಲು.
"ಕಾಡು ಆ ಕಡೆ. ಹೊಳಿ ಈ ಕಡೆನೂ ಅದ, ನಡೀರಿ" ಅಂದ್ಲು.

ಮಹಾನವಮಿ ಆರ್ಡರ್ ಸುರು ಆಗೂಕಿಂತ ಮೊದಲಿನ ರವಿವಾರ
ಇರ್ಷಾದನ ಟೆಂಪೋದಾಗ ಹೊಂಟ್ವಿ.

ಬಂಕಾಪುರದ ಕ್ವಾಟಿಯೊಳಗ ನವಿಲು.
"ಅದರಾಗ ನೋಡೂದೇನು,
ಆ ಬಣ್ಣದ್ದು ದಿನಾ ಹತ್ತು ರವಕಿ ಹೊಲಿತೀನಿ"
ಅಂತಿದ್ಲು ಮಾಬುಬಿ. ಅಷ್ಟರಾಗ
ಕಂಟಿಯಿಂದ ಹೊರಗ ಬಂತು ಒಂದು,
ಗರಿ ಎಲ್ಲಾ ಉದುರಿ, ಫಾಲ್ ಹಚ್ಚದ ಸೀರಿ ಉಟ್ಟವರ ಹಂಗ,
ಆದ್ರ ಏನು ಗತ್ತು ಅದರ ನಡಗಿ!
ಮಾಬುಬಿ ಸೆರಗು ಸರಿ ಮಾಡಿಕೊಂಡ್ಲು.

ಹಾವೇರಿಯೊಳಗ ಏಲಕ್ಕಿ ಹಾರದ ಬೆಲಿ ಕೇಳಿದ್ವಿ.
ಕೇಳಿ, ಮೂಸಿದ್ವಿ.
ಮೂಸಿದ್ದಕ್ಕ ರೊಕ್ಕ ಇಲ್ಲಂತ, ಆರೂ ಮಂದಿ
ಎರಡೆರಡು ಸಲ.

ಗಳಗನಾಥ. ಹೊಳಿ ದಂಡಿ.
ವರದಾ ಬಂದು ತುಂಗಭದ್ರಾ ಕೂಡೂ ಜಾಗ:
ಒಂದು ನೀರು ಕೆಂಪು, ಒಂದು ಬೂದಿ,
ನಡುವ ಕಚ್ಚಾ ಹೊಲಿಗಿಯಂಥಾ ಗೆರಿ.
ಮಂದಿ ಕೈ ಮುಗದು ನಿಂತಿದ್ರು.
"ಇನ್ನೊಂದು ಸುತ್ತು ಹೊಡೀಬೇಕಿತ್ತು, ಬಿಚ್ಚತದ" ಅಂದ್ಲು ಇಂದ್ರವ್ವ.

ಹರಗೋಲಿನ ಗುತ್ತೆಪ್ಪ ರೇಟ್ ಹೇಳಿದ:
"ಮಸಳಿ ಆಗಲಿ, ನೀರನಾಯಿ ಆಗಲಿ,
ಕಂಡ್ರ ತಲಿಗೆ ಇಪ್ಪತ್ತು. ಕಾಣದಿದ್ರ ಹತ್ತು."
"ಕಂಡ್ರೂ ಕಂಡಿಲ್ಲ ಅಂದ್ರೇನ್ ಮಾಡ್ತಿ?"
"ನೀವು ಏನರೆ ಅನ್ರಿ, ಅಕ್ಕಾರ.
ಮುಖ ಹೇಳ್ತದ."

ಮಿಷನ್ನಿನ ಗಾಲಿ ಹಂಗ ತಿರಗ್ತು ಹರಗೋಲು.
ಮಾಬುಬಿ ಕಣ್ಣು ಮುಚ್ಚಿ ಅಲ್ಲಾನ್ನ ನೆನಸಿದ್ಲು,
ಫಕೀರವ್ವ ಆಕಿ ತೊಡಿ ಚಿವುಟಿ ಹಿಡಕೊಂಡ್ಲು.
ನಡು ಹೊಳಿಯೊಳಗ ಏನೋ ಕರ್ರಗ
ಮಸಳಿ! ಮಸಳಿ! ಐದು ಗಂಟಲ ಕೂಡಿ.
ಗುತ್ತೆಪ್ಪ ಹುಟ್ಟಿನಿಂದ ಒಂದು ಏಟು ಹಾಕಿದ. ಟಕ್ ಅಂತು.
"ಜಾಲಿ ಬೊಡ್ಡಿ. ಹತ್ತ ಕೊಡ್ರಿ."
"ನಾವು ಅಂಜಿದ್ದು ಖರೆ ಅಲ್ಲೇನೋ?"
"ಅಂಜಿದ್ದಕ್ಕ ರೇಟ್ ಇಲ್ರಿ."

ಉಂಡಾದ ಮ್ಯಾಲ ಡಬ್ಬಿ ತೊಳಿಯಾಕ
ನಾನೊಬ್ಬಾಕಿ ಇಳದ್ನಿ, ಪಾವಟಿಗಿ ಬಿಟ್ಟು ಆಚೆ.
ಸಜ್ಜಿ ರೊಟ್ಟಿ ಚೂರು ನೀರಿಗೆ ಬಿಡಾಕ ಹತ್ತಿದ್ದೆ.
ಎರಡು ಕಲ್ಲಿನಾಚೆ ಒಂದು ತಲಿ ಎದ್ದಿತು.
ನಾಯಿ ಅಲ್ಲ, ಬೆಕ್ಕಲ್ಲ,
ಹನಿ ಹಿಡದ ಮೀಸಿ,
ಎರಡೂ ಕೈಯಾಗ ಒಂದು ಮೀನು.
ನಾವು ಸೂಜಿ ಕೆಳಗ ಅರಿವಿ ಸರಸ್ತೀವಲ್ಲ
ಹಂಗ ಸರಸಿ ಸರಸಿ ತಿಂತಿತ್ತು, ತಲಿ ಕಡೆಯಿಂದ.
ನಡುವ ಒಮ್ಮೆ ನಿಂತು ನನ್ನ ನೋಡಿತು,
ಎದಿ, ಭುಜ, ತೋಳು,
ಅಳತಿ ತಗೊಂಡ್ಹಂಗ.
ಆಮ್ಯಾಲ ಒಳಗ ಹೋತು.
ನೀರಿಗೆ ಒಂದು ಸುಕ್ಕೂ ಬೀಳಲಿಲ್ಲ.

ಓಡಿ ಬಂದ್ನಿ. ಗುತ್ತೆಪ್ಪ ಆಗಲೇ
ಎರಡು ಆಡು, ಒಂದು ಸೈಕಲ್ಲು ಹಾಕ್ಕೊಂಡು
ಆಚೀ ದಂಡಿ ಮುಟ್ಟಿದ್ದ.
ಇರ್ಷಾದ ಹಾರ್ನ್ ಒತ್ತೇ ಒತ್ತಿದ.
ನನ್ನ ಬಾಯಿ ಬರಲಿಲ್ಲ. ಗುತ್ತಲ ದಾಟಿದ್ರೂ ಬರಲಿಲ್ಲ.

ಈಗ ಆರ್ಡರಿನ ರಾಶಿ, ಗುಂಡಿ, ಕಾಜಾ, ಕರೆಂಟಿಲ್ಲ.
ನನ್ನ ಬಾಬಿನ್ ಡಬ್ಬಿಯೊಳಗ ಹತ್ತರ ನೋಟು ಒಂದು.
ಚಾದಂಗಡಿ ಹುಡುಗಗ ಚಿಲ್ರೆ ಕಡಿಮಿ ಬಿದ್ದು
ಇಂದ್ರವ್ವ ನಿನ್ನೆ ಕೈ ಹಾಕಿದ್ಲು.
"ಅದು ಬ್ಯಾಡ" ಅಂದೆ. "ಒಬ್ಬಗ ಕೊಡೂದು ಬಾಕಿ ಅದ."
ತಾರಾಬಾಯಿ ಮಿಷನ್ ನಿಲ್ಲಿಸಿ
ನನ್ನ ಮುಖಾ ನೋಡಿದ್ಲು, ಬಾಳ ಹೊತ್ತು.
ನೋಡಿ,
ಸೂಜಿಗೆ ದಾರಾ ಪೋಣಿಸಿದ್ಲು.