ಚೆಕ್ಕುಬಂದಿ

ಪೂರ್ವಕ್ಕೆ ಸೀಮೆಹುಣಸೆ ಮರ,
ಪಶ್ಚಿಮಕ್ಕೆ ತಿರುಮಳಪ್ಪನವರ ಬಾಬ್ತು ಜಮೀನು,
ಉತ್ತರಕ್ಕೆ ಬಂಡಿ ದಾರಿ, ದಕ್ಷಿಣಕ್ಕೆ ಕತ್ತಾಳೆ ಬೇಲಿ,
ಈ ಮಧ್ಯೆ ಇರುವ ಹದಿನಾಲ್ಕು ಗುಂಟೆ, ಖರಾಬು ಒಂದೂವರೆ ಸೇರಿ,
ಎಂದು ಕರಡು ಬರೆದು ಪೆನ್ನು ಕಿವಿಗೆ ಸಿಕ್ಕಿಸಿದೆ.
ಕೊಂಡವರ ಹೆಸರಿಗೆ ಜಾಗ ಬಿಟ್ಟಿದ್ದೆ.

ಆನೇಕಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು
ಜೆರಾಕ್ಸ್ ಅಂಗಡಿಯ ತಗಡಿನ ನೆರಳಲ್ಲಿ
ಇಪ್ಪತ್ತೇಳು ವರ್ಷದಿಂದ ನನ್ನ ಮೇಜು.
ಎಷ್ಟು ಎಕರೆ ಈ ಬೆರಳ ಸಂದಿಯಲ್ಲಿ ದಾಟಿ ಹೋಯಿತೋ!
ಚಂದಾಪುರದಲ್ಲಿ ನಮ್ಮದು ಬಾಡಿಗೆ ಮನೆ,
ಕುಂಡದ ತುಳಸಿಯೂ ಓನರಿನದೇ.

ಅವಳು ಎವೆಲಿಯಾ, ಮೆಕ್ಸಿಕೋದವಳು.
ಕಮ್ಮನಹಳ್ಳಿಯಲ್ಲಿ ಮುಸುಕಿನ ಜೋಳದ ರೊಟ್ಟಿ ಸುಡುವ ಅಂಗಡಿ.
ಇಲ್ಲಿನ ಹಿಟ್ಟು ಅವಳ ಕೈಗೆ ಒಗ್ಗಲಿಲ್ಲವಂತೆ;
ನೀಲಿ ಕಾಳಿನ ತೆನೆ ಬೆಳೆಯಬೇಕಂತೆ, ಸ್ವಂತ ಮಣ್ಣಲ್ಲಿ.
ನೀಲಿ ಜೋಳ!
ಬ್ರೋಕರ್ ಇನಾಯತ್ ನನ್ನ ಕಡೆ ಕಣ್ಣು ಮಿಟುಕಿಸಿದ.

ಮಾರುವ ಪಿಳ್ಳಕ್ಕನಿಗೆ ಕಾನೂನು ಮೊದಲೇ ಹೇಳಿದೆ:
ಇವರು ಪರದೇಶಿ, ಇವರ ಹೆಸರಿಗೆ ಹೊಲ ಆಗಲ್ಲ.
ಪಿಳ್ಳಕ್ಕ ಅವಳ ಕೈ ಹಿಡಿದುಕೊಂಡಳು.
"ಪರದೇಶಿನಾ? ಅಯ್ಯೋ ಕೂಸೇ, ಹಿಂದೆ ಮುಂದೆ ಯಾರೂ ಇಲ್ವಾ?"
ನಾನು ತಿದ್ದಲು ಹೋಗಲಿಲ್ಲ.

ಆದರೂ ನೋಡಿಯಾದರೂ ಬರೋಣವೆಂದು ಹೋದೆವು.
ಅವಳು ಹೊಲ ನೋಡಲೇ ಇಲ್ಲ, ನೇರ ಮರದ ಬುಡಕ್ಕೆ ನಡೆದಳು.
ಸುರುಳಿ ಕಾಯಿ ಕಿತ್ತು, ಸಿಪ್ಪೆ ಬಿಡಿಸಿ,
ಬಿಳಿ ತಿರುಳು ಬಾಯಿಗೆ ಹಾಕಿಕೊಂಡು
"ಗ್ವಾಮೂಚಿಲ್" ಅಂದಳು. ಇನ್ನೊಮ್ಮೆ ಅಂದಳು.
ಕತ್ತಾಳೆಯನ್ನೂ ಮುಟ್ಟಿ ಮಾತಾಡಿಸಿದಳು,
ಮೆಜೆಸ್ಟಿಕ್ಕಿನಲ್ಲಿ ಊರವರು ಸಿಕ್ಕ ಹಾಗೆ.
ಪಿಳ್ಳಕ್ಕನಿಗೆ ಸಿಟ್ಟು: "ಇದು ನಮ್ಮತ್ತೆಯ ಅತ್ತೆ ನೆಟ್ಟ ಮರ!"

ಸೀಮೆ ಅಂದರೆ ಗಡಿ.
ಸೀಮೆ ಅಂದರೆ ಎಲ್ಲಿಂದಲೋ ಬಂದದ್ದು.
ಇಷ್ಟು ವರ್ಷ ಬರೆದರೂ
ಎರಡೂ ಒಂದೇ ಮಾತೆಂದು ನನಗೆ ಹೊಳೆದಿರಲಿಲ್ಲ.

ವಾಪಸು ಬಂದ ಮೇಲೆ ಇನಾಯತ್ ಉಪಾಯ ತೆಗೆದ.
ದುಡ್ಡು ಅವರದು, ಹೆಸರು ಬೇರೆಯವರದು.
"ನಿಮ್ಮದೇ ಹಾಕ್ಕೊಳ್ಳಿ ಸ್ವಾಮಿ, ನಿಮಗಿಂತ ನಂಬಿಕಸ್ತರು ಯಾರು?"
ಎವೆಲಿಯಾ ನಗಲಿಲ್ಲ. ಹೆಸರು ಕಡ ಕೊಡುವವನಿಗೆ
ಅವರ ಭಾಷೆಯಲ್ಲೂ ಒಂದು ಹೆಸರಿದೆಯಂತೆ.
ಹರಕು ಕನ್ನಡದಲ್ಲಿ ಹೇಳುತ್ತ ಹೋದಳು:
ಅವಳ ಹಳ್ಳಿಯಲ್ಲಿ ಹೊಲ ಯಾರದೂ ಅಲ್ಲ, ಊರದು.
ಸಭೆ ಕೂತು ಕೈ ಎತ್ತಬೇಕು.
ಹೊರಗಿನವನೊಬ್ಬ ಬಂದಿದ್ದ, ಚಿತ್ರ ಬರೆಯುವವ, ಒಳ್ಳೆಯವನೇ,
ಒಂದು ತುಂಡು ತೋಟ ಬೇಕೆಂದ.
ಅಪ್ಪ ಕೈ ಎತ್ತಲಿಲ್ಲ.
ಉಂಡು ಹೋಗು ಎಂದು ಕೂರಿಸಿ, ಬಡಿಸಿ,
ಬಸ್ಸಿನವರೆಗೂ ಬಿಟ್ಟುಬಂದ.
ಹಿಂದೆ ಇವಳು, ಹನ್ನೆರಡು ವರ್ಷ, ಅವನ ಟೋಪಿ ಹಿಡಿದುಕೊಂಡು.
"ಆ ಮನುಷ್ಯ ಬಸ್ಸಲ್ಲಿ ಹೇಗೆ ಕೂತಿದ್ದ ಅಂತ
ಈಗ ಗೊತ್ತಾಯ್ತು."

ಅವಳು ಟೀ ತರಲು ಎದ್ದಾಗ
ಬಿಟ್ಟ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದೆ:
ಲೇಟ್ ಹುಚ್ಚಹನುಮಯ್ಯನವರ ಮಗ ಕೆಂಪಹೊನ್ನಯ್ಯ,
ಸುಮಾರು ಐವತ್ತೆಂಟು ವರ್ಷ.
ಅಕ್ಷರ ದುಂಡಗೆ ಕೂತವು.
ಅಪ್ಪನ ಹೆಸರು ಒಂದು ಕ್ರಯಪತ್ರದಲ್ಲಿ
ಅದೇ ಮೊದಲ ಸಲ.
ಟೀ ಆರುವ ತನಕ ಹಾಗೇ ಇತ್ತು.
ಆಮೇಲೆ ರಬ್ಬರು ಹುಡುಕಿದೆ.

ಮುಂಗಡ ಹಿಂದಕ್ಕೆ ಎಣಿಸುವಾಗ ಪಿಳ್ಳಕ್ಕ
ನೂರು ರೂಪಾಯಿ ಹಿಡಿದುಕೊಂಡಳು,
ಬದಲಿಗೆ ಮಡಿಲಿಂದ ಸೀಮೆಹುಣಸೆ ಸುರಿದಳು,
ಲೆಕ್ಕ ಚುಕ್ತಾ ಎಂಬಂತೆ.

ಮುಂದಿನ ಯುಗಾದಿಯ ಹೊತ್ತಿಗೆ ಅದು ಲೇಔಟು.
ಪತ್ರ ಬರೆದವನು ನಾನೇ.
ಮರದ ಬೇರನ್ನೂ ಜೆಸಿಬಿ ಎತ್ತಿತ್ತು,
ಅಲ್ಲಿ ಮೂವತ್ತಡಿ ರಸ್ತೆ, ಜಲ್ಲಿ, ಒಂದು ಲೈಟು ಕಂಬ.
ಆದರೂ ಕೈ ತನ್ನಷ್ಟಕ್ಕೆ
ಪೂರ್ವಕ್ಕೆ ಸೀಮೆಹುಣಸೆ ಮರ ಎಂದೇ ಬರೆಯಿತು.
ಸಾಹೇಬರು ಸಹಿ ಹಾಕಿದರು, ಮೊಹರು ಬಿತ್ತು.
ಯಾರೂ ಓದಲಿಲ್ಲ.
ಪತ್ರವನ್ನು ಯಾರೂ ಓದುವುದಿಲ್ಲ,
ಜಗಳ ಬರುವ ತನಕ.